ಇಂಪ್ಲಾಂಟ್ ರೀಕಾಲ್ ಬಂದಾಗ ಲಾಟ್ ಹಿಡಿಯುವ ಬಗೆ: ನನ್ನ ಅನುಭವ

ದೇಹದೊಳಗೆ ಕೂರಿಸುವ ಕೃತಕ ಕೀಲು, ಸ್ಕ್ರೂಗಳಂಥ ಇಂಪ್ಲಾಂಟ್‌ನಲ್ಲಿ ದೋಷವಿದೆ ಎಂದು ಕಂಪನಿ ವಾಪಸ್ ಕೇಳುವುದೇ ರೀಕಾಲ್. ಮಾಡೆಲ್ ಹೆಸರು ನೋಡಿ ಪೆಟ್ಟಿಗೆ ವಾಪಸ್ ಕಳಿಸಿದರೆ ರೀಕಾಲ್ ಮುಗಿಯುವುದಿಲ್ಲ. ನೋಟಿಸ್ ಕೈಗೆ ಬಂದ ಕೂಡಲೇ ನಾನು ಹುಡುಕುವುದು ಕ್ಯಾಟಲಾಗ್ ನಂಬರ್ ಮತ್ತು ಲಾಟ್ (ಒಟ್ಟಿಗೆ ತಯಾರಾದ ಗುಂಪಿನ) ನಂಬರ್‌ಗಳ ಪಟ್ಟಿ. ಆಮೇಲೆ ಸ್ಟೋರ್‌ನ ಕಪಾಟು ಮಾತ್ರವಲ್ಲ, ಥಿಯೇಟರ್‌ನ ತುರ್ತು ಟ್ರಾಲಿ, ಸ್ಟೆರಿಲೈಸೇಷನ್ ವಿಭಾಗ, ಏಜೆಂಟ್ ಎರವಲಾಗಿ ತಂದಿಟ್ಟ ಲೋನರ್ ಸೆಟ್ ಎಲ್ಲವನ್ನೂ ಜಾಲಾಡಬೇಕು. ಲೋನರ್ ಸೆಟ್ ನಮ್ಮ ಸ್ಟಾಕ್ ಲೆಕ್ಕದಲ್ಲಿ ಇರುವುದಿಲ್ಲ. ತಪ್ಪಿಸಿಕೊಳ್ಳುವುದೂ ಅದೇ. ಸಿಕ್ಕಿದ್ದನ್ನು ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ. ಚೀಟಿ ಅಂಟಿಸಿ ಅಲ್ಲೇ ಬಿಟ್ಟರೆ ರಾತ್ರಿ ತುರ್ತು ಕೇಸಿಗೆ ಯಾರೋ ತೆಗೆದುಕೊಂಡು ಹೋಗಿರುತ್ತಾರೆ.

ಲಾಟ್ ನಂಬರನ್ನು ಕೈಯಲ್ಲಿ ಬರೆದ ಕಡೆ ಸೊನ್ನೆ ಯಾವುದು, ಇಂಗ್ಲಿಷ್ 'ಓ' ಯಾವುದು ಗೊತ್ತಾಗುವುದಿಲ್ಲ. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೂ ಒಂದು ಎಡವಟ್ಟು ಇದೆ. ಜಿಎಸ್1 (ಬಾರ್‌ಕೋಡ್‌ನ ಅಂತರರಾಷ್ಟ್ರೀಯ ಮಾನದಂಡ) ಕೋಡ್‌ನಲ್ಲಿ 01ರ ನಂತರ 14 ಅಂಕಿಯ ಉತ್ಪನ್ನ ಸಂಖ್ಯೆ, 17ರ ನಂತರ ಎಕ್ಸ್‌ಪೈರಿ, 10ರ ನಂತರ ಲಾಟ್, 21ರ ನಂತರ ಸೀರಿಯಲ್ ಬರುತ್ತದೆ. ಲಾಟ್‌ಗೆ ನಿಗದಿತ ಉದ್ದವಿಲ್ಲ. ಅದರ ನಂತರ ಇನ್ನೊಂದು ಅಂಶವಿದ್ದರೆ ನಡುವೆ ಕಣ್ಣಿಗೆ ಕಾಣದ ಒಂದು ವಿಭಜಕ ಇರುತ್ತದೆ. ಸ್ಕ್ಯಾನರ್ ಅದನ್ನು ನುಂಗಿದರೆ ಲಾಟ್‌ಗೆ ಸೀರಿಯಲ್ ಅಂಟಿಕೊಂಡು, ಹುಡುಕಿದಾಗ 'ಇಲ್ಲ' ಎನ್ನುತ್ತದೆ. ಹಾಗಾಗಿ ಪೂರ್ತಿ ಲಾಟ್ ಹಾಕದೆ ಮೊದಲ ನಾಲ್ಕೈದು ಅಕ್ಷರ ಹಾಕಿ ಹುಡುಕುತ್ತೇನೆ.

ನಿಜವಾದ ತಲೆನೋವು ಸ್ಕ್ರೂಗಳದ್ದು. ಬಿಡಿ ಸ್ಕ್ರೂಗಳನ್ನು ರ‍್ಯಾಕ್‌ಗೆ ತುಂಬಿ ಮತ್ತೆ ಮತ್ತೆ ಆಟೋಕ್ಲೇವ್ (ಬಿಸಿ ಹಬೆಯಿಂದ ಕ್ರಿಮಿಶುದ್ಧಿ) ಮಾಡುವ ಪದ್ಧತಿಯಲ್ಲಿ ನಾಲ್ಕಾರು ಲಾಟ್ ಕಲಸಿಹೋಗುತ್ತವೆ. ಅಂಥ ಕಡೆ ಆ ಅಳತೆಯ ಇಡೀ ಸಾಲನ್ನೇ ತೆಗೆಯದೆ ಬೇರೆ ದಾರಿ ಇಲ್ಲ.

ರೋಗಿಯೊಳಗಿರುವ ಇಂಪ್ಲಾಂಟ್‌ಗೆ ಕೇಸ್ ಶೀಟ್‌ನ ಸ್ಟಿಕ್ಕರೇ ಆಧಾರ. ಸೊಂಟದ ಕೃತಕ ಕೀಲಾದರೆ ಅದರ ಭಾಗಗಳಾದ ಕಪ್, ಲೈನರ್, ಹೆಡ್, ಸ್ಟೆಮ್, ಪ್ರತಿಯೊಂದಕ್ಕೂ ಪ್ರತ್ಯೇಕ ಸ್ಟಿಕ್ಕರ್ ಬೇಕು. ಪತ್ತೆಯಾದವರನ್ನೆಲ್ಲ ಮರು ಆಪರೇಷನ್‌ಗೆ ಕರೆಯುವುದಲ್ಲ. ಯಾವ ತಪಾಸಣೆ ಎಂಬುದನ್ನು ದೋಷವೇ ಹೇಳುತ್ತದೆ. 2010ರಲ್ಲಿ ಡಿಪ್ಯೂ ಕಂಪನಿಯ ಎಎಸ್‌ಆರ್ ಸೊಂಟದ ಕೀಲು ವಾಪಸಾದಾಗ ಲೋಹ ಲೋಹಕ್ಕೆ ಉಜ್ಜಿ ಬಿಡುಗಡೆಯಾಗುವ ಕೋಬಾಲ್ಟ್, ಕ್ರೋಮಿಯಂ ಮುಖ್ಯ ಆತಂಕವಾಗಿತ್ತು. ಬ್ರಿಟನ್ನಿನ ನಿಯಂತ್ರಕರು ರಕ್ತದಲ್ಲಿ ಲೀಟರಿಗೆ 7 ಮೈಕ್ರೋಗ್ರಾಂ ದಾಟಿದರೆ ಹೆಚ್ಚಿನ ನಿಗಾ ಬೇಕೆಂದರು. ಈ ಪರೀಕ್ಷೆಗೆ ಟ್ರೇಸ್ ಎಲಿಮೆಂಟ್ ಟ್ಯೂಬೇ (ಲೋಹದ ಕಲಬೆರಕೆಯಿಲ್ಲದ ರಕ್ತದ ಟ್ಯೂಬ್) ಆಗಬೇಕು. ಸ್ಟೀಲ್ ಸೂಜಿಯಿಂದ ಕ್ರೋಮಿಯಂ ಸೇರಬಹುದಾದ್ದರಿಂದ ಪ್ಲಾಸ್ಟಿಕ್ ಕ್ಯಾನುಲಾ ಹಾಕಿ, ಮೊದಲು ಬಂದ ರಕ್ತ ಚೆಲ್ಲಿ ಆಮೇಲೆ ತುಂಬಿಸುವುದು ಮೇಲು. ಎಕ್ಸಾಕ್‌ಟೆಕ್ ಕಂಪನಿಯ ಪ್ರಕರಣ ಬೇರೆ ಬಗೆಯದು. 2021ರಿಂದ ಅವರು ವಾಪಸ್ ಪಡೆದ ಪಾಲಿಎಥಿಲೀನ್ (ಕೀಲಿನ ಪ್ಲಾಸ್ಟಿಕ್, ನಮ್ಮ ಮಾತಿನಲ್ಲಿ 'ಪಾಲಿ') ಭಾಗಗಳ ಚೀಲದಲ್ಲಿ ಆಮ್ಲಜನಕ ತಡೆಯುವ ಒಂದು ಪದರವೇ ಇರಲಿಲ್ಲ; ಪಾಲಿ ಬೇಗ ಸವೆಯುವ ಅಪಾಯ. ಇಲ್ಲಿ ರಕ್ತಪರೀಕ್ಷೆಯಿಂದ ಏನೂ ತಿಳಿಯದು. ಎಕ್ಸ್‌ರೇಯಲ್ಲಿ ಸವೆತ, ಮೂಳೆ ಕರಗಿದ ಗುರುತು ನೋಡಬೇಕು.

ಹೊರತೆಗೆದ ಇಂಪ್ಲಾಂಟನ್ನು ಉಜ್ಜಿ ತೊಳೆಯಬಾರದು. ಪಾಲಿಯನ್ನು ಆಟೋಕ್ಲೇವ್‌ಗೂ ಹಾಕುವುದಿಲ್ಲ, ಬಿಸಿಗೆ ಅದರ ಆಕಾರ, ಮೇಲ್ಮೈ ಎರಡೂ ಕೆಡುತ್ತವೆ. ಒಳಗೆ ಯಾವ ದಿಕ್ಕಿಗಿತ್ತು ಎಂದು ಫೋಟೋ ತೆಗೆದು, ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿ ಇಡುತ್ತೇನೆ.

ಕೊನೆಗೆ ಕಂಪನಿಗೆ ಉತ್ತರದ ಫಾರ್ಮ್. ಸ್ಟಾಕ್ ಸೊನ್ನೆಯಾದರೂ ಕಳಿಸಲೇಬೇಕು. ಬಂದ ಸಂಖ್ಯೆ ಮತ್ತು ಬಳಸಿದ್ದು, ಉಳಿದದ್ದು, ಹಿಂದಿರುಗಿಸಿದ್ದರ ಮೊತ್ತ ತಾಳೆಯಾಗದಿದ್ದರೆ ಥಿಯೇಟರ್‌ನ ವೇಸ್ಟೇಜ್ ಪುಸ್ತಕ ತೆಗೆಸಿ. ಸೈಜ್ ಹೊಂದದೆ ಪ್ಯಾಕ್ ಒಡೆದು ಬಿಟ್ಟವು, ನೆಲಕ್ಕೆ ಬಿದ್ದವು ಅಲ್ಲಿ ಸಿಗುತ್ತವೆ.