ಬ್ರೇಕ್ ಪೆಡಲ್ ಬಿಗಿಯೇ? ಮೊದಲು ಡ್ರಮ್ ಬಿಚ್ಚಿ

ಶಿರಸಿಯ ನನ್ನ ಗ್ಯಾರೇಜಿಗೆ ಹಳೆಯ ಅಂಬಾಸಿಡರ್, ಪದ್ಮಿನಿ ತರುವವರ ಬೇಡಿಕೆ ಹೆಚ್ಚಾಗಿ ಒಂದೇ: “ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಕಾಲು ಸೋತುಹೋಗುತ್ತದೆ, ಒಂದು ಬೂಸ್ಟರ್ ಕೂರಿಸಿಕೊಡಿ.” ಬೂಸ್ಟರ್ ಎಂದರೆ ತುಳಿದ ಬಲವನ್ನು ಎಂಜಿನ್ನಿನ ನೆರವಿನಿಂದ ಹೆಚ್ಚಿಸುವ ಡಬ್ಬಿ. ಅದಕ್ಕೆ ನಾನು ಒಪ್ಪುವುದಿಲ್ಲ. ಚಕ್ರದ ಜೊತೆ ತಿರುಗುವ ಬ್ರೇಕಿನ ಬಟ್ಟಲು, ಅಂದರೆ ಡ್ರಮ್, ನಾಲ್ಕೂ ಸರಿಯಿದ್ದರೆ ಈ ಕಾರುಗಳು ಬೂಸ್ಟರ್ ಇಲ್ಲದೆಯೇ ಚೆನ್ನಾಗಿ ನಿಲ್ಲುತ್ತವೆ. ಡ್ರಮ್ಮಿನ ಒಳಮೈಗೆ ಉಜ್ಜಿ ಕಾರು ನಿಲ್ಲಿಸುವ ಪಟ್ಟಿಯೇ ಲೈನರ್. ಕೆಟ್ಟ ಲೈನರಿನ ಮೇಲೆ ಬೂಸ್ಟರ್ ಕೂರಿಸಿದರೆ ರೋಗ ಮುಚ್ಚಿಹೋಗುತ್ತದೆ, ಅಷ್ಟೇ.

ಪೆಡಲ್ ಮೆತ್ತಗೆ ಒಳಹೋದರೆ ಪೈಪಿನಲ್ಲಿ ಗಾಳಿಯಿದೆ. ಕೆಳತನಕ ಹೋಗಿ ಹಿಡಿದರೆ ಶೂ (ಲೈನರ್ ಅಂಟಿಸಿದ ಬಾಗಿದ ತಗಡು) ಅಡ್ಜಸ್ಟ್ ಮಾಡಬೇಕು. ಮೇಲೆಯೇ ಗಟ್ಟಿಯಾಗಿ ನಿಂತು, ಎಷ್ಟು ತುಳಿದರೂ ಕಾರು ಓಡುತ್ತಲೇ ಇದ್ದರೆ ಮುಂದೆ ಓದಿ.

ಚಕ್ರಕ್ಕೆ ಅಡ್ಡ ಕೊಟ್ಟು, ಜಾಕಿನ ಜೊತೆಗೆ ಸ್ಟ್ಯಾಂಡನ್ನೂ ಇಟ್ಟು ಡ್ರಮ್ ತೆಗೆಯಿರಿ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲೇಬೇಡಿ. ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ. ಲೈನರ್ ನುಣುಪಾಗಿ ಹೊಳೆಯುತ್ತಿದ್ದರೆ ನೀರು ತಾಗಿಸಿದ ಎಮೆರಿ ಕಾಗದದಿಂದ ಹೊಳಪು ತೆಗೆಯಿರಿ. ಎಣ್ಣೆ ಕುಡಿದಿದ್ದರೆ ಸೋರಿಕೆ ನಿಲ್ಲಿಸಿ, ಎಡಬಲ ಎರಡೂ ಚಕ್ರದ ಲೈನರ್ ಬದಲಾಯಿಸಿ.

ಹೊಸ ಲೈನರ್ ಹಾಕಿದ ಮೇಲೂ ಪೆಡಲ್ ಬಿಗಿಯೇ? ಡ್ರಮ್ಮಿನ ಒಳಮೈಗೆ ಸೀಮೆಸುಣ್ಣ ಬಳಿಯಿರಿ. ಶೂವನ್ನು ಕೈಯಲ್ಲಿ ಹಿಡಿದು ಅದರೊಳಗೆ ಒತ್ತಿ, ತುಸು ಆಚೀಚೆ ಉಜ್ಜಿ, ಹೊರತೆಗೆದು ನೋಡಿ. ಬಿಳಿ ಗುರುತು ತುದಿಯಿಂದ ತುದಿಗೆ ಹರಡಿರಬೇಕು. ನಡುವೆ ಎರಡು ಬೆರಳಗಲ ಮಾತ್ರ ಮೂಡಿದ್ದರೆ ಉಳಿದ ಲೈನರ್ ಡ್ರಮ್ಮಿಗೆ ತಾಗುತ್ತಲೇ ಇಲ್ಲ. ಲೇತಿನಲ್ಲಿ ಕಡೆಸಿದ ಡ್ರಮ್ಮಿನ ಒಳ ಅಳತೆ ಹಿಗ್ಗಿರುತ್ತದೆ, ಅಂಗಡಿಯ ಲೈನರ್ ಹಳೆಯ ಅಳತೆಯದೇ ಆಗಿರುತ್ತದೆ. ದಪ್ಪ ಲೈನರ್ ಅಂಟಿಸಿ, ಅದೇ ಡ್ರಮ್ಮಿನ ಅಳತೆಗೆ ತಿಕ್ಕಿಸಿ. ಬಿಗಿ ಪೆಡಲಿಗೆ ನಾನು ಕಂಡ ದೊಡ್ಡ ಕಾರಣ ಇದು. ಯಾರೂ ನೋಡದೆ ಬಿಡುವುದೂ ಇದನ್ನೇ.

ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಶೂವನ್ನು ಡ್ರಮ್ಮಿಗೆ ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿಯುತ್ತದೆ. ರಬ್ಬರ್ ಟೊಪ್ಪಿ ಎತ್ತಿದಾಗ ಕಂದು ನೀರು ಕಂಡರೆ ಸಿಲಿಂಡರ್ ಬಿಚ್ಚಲೇಬೇಕು. ಬ್ರೇಕ್ ಆಯಿಲ್ ತೇವ ಹೀರುತ್ತದೆ. 2 ವರ್ಷಕ್ಕೊಮ್ಮೆ ಬದಲಾಯಿಸಿ. ಪೆಡಲ್ ತಿರುಗುವ ಪಿನ್ ನೆಲದಡಿ ಇರುವ ಕಾರಾದರೆ ಕೆಸರು ತೊಳೆದು ಗ್ರೀಸ್ ಹಚ್ಚಿ.

ತುಳಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಾಗಿದ್ದರೆ ಅದರ ಒಳವ್ಯಾಸದ ಅಳತೆ ಕೇಳಿಕೊಳ್ಳಿ. 3/4 ಇಂಚಿನದಿದ್ದಲ್ಲಿ 7/8 ಇಂಚಿನದು ಕೂತರೆ ಅಷ್ಟೇ ಬ್ರೇಕಿಗೆ ಸುಮಾರು ಶೇ 36ರಷ್ಟು ಹೆಚ್ಚು ಬಲ ಹಾಕಿ ತುಳಿಯಬೇಕಾಗುತ್ತದೆ.

ಕೆಲಸ ಮುಗಿದ ದಿನವೇ ಘಟ್ಟ ಇಳಿದು ಕುಮಟಾ ಕಡೆ ಹೋಗಬೇಡಿ. ಖಾಲಿ ರಸ್ತೆಯಲ್ಲಿ 50ರ ವೇಗದಿಂದ 20ಕ್ಕೆ ನಿಧಾನವಾಗಿ ಇಳಿಸುತ್ತ, ನಡುನಡುವೆ ಡ್ರಮ್ ಆರಲು ಬಿಟ್ಟು ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳುವಂತೆ ಮಾಡಿ. ತಣ್ಣಗಾದ ಮೇಲೆ ಚಕ್ರ ಎತ್ತಿ, ಶೂವನ್ನು ಡ್ರಮ್ಮಿಗೆ ಹತ್ತಿರ ತರುವ ಅಡ್ಜಸ್ಟರನ್ನು ಚಕ್ರ ಕಚ್ಚುವವರೆಗೆ ತಿರುಗಿಸಿ, ಮತ್ತೆ ಸಲೀಸಾಗಿ ತಿರುಗುವಷ್ಟು ಮಾತ್ರ ಸಡಿಲಿಸಿ.