ಬೈಬಲ್‌ನ ಒಂದು ವಚನವನ್ನು ಇತಿಹಾಸದ ಒರೆಗೆ ಹಚ್ಚುವ ಬಗೆ

ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ತಿಬೇರಿಯಸ್ ಅವರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಇದೇ ತಿಬೇರಿಯಸ್‌ನ ಹೆಸರು ಲೂಕನ ಸುವಾರ್ತೆಯ 3ನೇ ಅಧ್ಯಾಯದ ಮೊದಲ ವಚನದಲ್ಲಿದೆ: ಅವನ ಆಳ್ವಿಕೆಯ ಹದಿನೈದನೇ ವರ್ಷದಲ್ಲಿ ಸ್ನಾನಿಕನಾದ ಯೋಹಾನನು ಉಪದೇಶ ಆರಂಭಿಸಿದನೆಂದು ಲೂಕ ಬರೆಯುತ್ತಾನೆ. ತಿಬೇರಿಯಸ್ ಪಟ್ಟಕ್ಕೆ ಬಂದದ್ದು ಕ್ರಿ.ಶ. 14ರಲ್ಲಿ, ಹದಿನೈದನೇ ವರ್ಷವೆಂದರೆ 28-29. ಹಾಗಾದರೆ ಚಂದ್ರವಳ್ಳಿಯ ನಾಣ್ಯ ಬೈಬಲ್ ನಿಜವೆಂದು ಸಾಕ್ಷಿ ಹೇಳಿತೇ? ಹೇಳಿದ್ದು ಇಷ್ಟೇ: ತಿಬೇರಿಯಸ್ ಎಂಬ ಅರಸನಿದ್ದ, ಅವನ ಬೆಳ್ಳಿ ನಮ್ಮೂರಿನವರೆಗೂ ಬಂದಿತ್ತು. ಯೋಹಾನನ ಬಗ್ಗೆ ಆ ನಾಣ್ಯಕ್ಕೆ ಏನೂ ಗೊತ್ತಿಲ್ಲ. ಒಂದು ಸಾಕ್ಷಿ ಎಲ್ಲಿಯವರೆಗೆ ಮಾತಾಡುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂದು ಗೆರೆ ಎಳೆಯಲು ಬಂದರೆ ಈ ಕೆಲಸದ ಮುಕ್ಕಾಲು ಪಾಲು ಬಂದಂತೆ.

"ಬೈಬಲ್ ನಿಜವೋ ಸುಳ್ಳೋ" ಎಂಬ ಪ್ರಶ್ನೆಯನ್ನು ಹಾಗೇ ಹಿಡಿದು ಕೂತರೆ ವಾದ ಮುಗಿಯುವುದಿಲ್ಲ. ಪ್ರೊಟೆಸ್ಟೆಂಟರ ಬೈಬಲ್‌ನಲ್ಲಿ 66 ಪುಸ್ತಕಗಳಿವೆ, ಕ್ಯಾಥೊಲಿಕರದರಲ್ಲಿ 73. ಅದರಲ್ಲಿ ಅರಸರ ವೃತ್ತಾಂತ ಇದೆ, ಹಾಡಿದೆ, ಗಾದೆ ಇದೆ, ಕಾನೂನಿದೆ, ಖಾಸಗಿ ಪತ್ರ ಕೂಡ ಇದೆ. ಕೀರ್ತನೆಗೆ ಉತ್ಖನನದ ಪುರಾವೆ ಕೇಳುವುದು ಬಸವಣ್ಣನ ವಚನಕ್ಕೆ ಪಹಣಿ ಕೇಳಿದಂತೆ. ಆದ್ದರಿಂದ ಒಂದು ಸಲಕ್ಕೆ ಒಂದು ವಚನ, ಹೆಚ್ಚೆಂದರೆ ಒಂದು ಅಧ್ಯಾಯ ತೆಗೆದುಕೊಳ್ಳಿ.

ಬೇಕಾಗುವ ಸಾಮಾನು

ಒಂದು 200 ಪುಟದ ನೋಟ್‌ಬುಕ್. ಎರಡು ಕನ್ನಡ ಭಾಷಾಂತರ: ಹಳೆಯ "ಸತ್ಯವೇದ" ಮತ್ತು ಸರಳ ಕನ್ನಡದ "ಪರಿಶುದ್ಧ ಬೈಬಲ್". ಜೊತೆಗೆ ಅಡಿಟಿಪ್ಪಣಿ ಇರುವ ಒಂದು ಇಂಗ್ಲಿಷ್ ಬೈಬಲ್. ಇಂಟರ್‌ನೆಟ್ ಇರುವ ಒಂದು ಫೋನು. ಬ್ರಿಟಿಷ್ ಮ್ಯೂಸಿಯಂ ತನ್ನ ಶಾಸನಗಳ ಫೋಟೊ ಮತ್ತು ವಿವರಗಳನ್ನು, ಇಸ್ರೇಲ್ ಮ್ಯೂಸಿಯಂ ಪ್ರವಾದಿ ಯೆಶಾಯನ ಪುಸ್ತಕದ ಹಳೆಯ ಸುರುಳಿಯನ್ನು ಉಚಿತವಾಗಿ ತೋರಿಸುತ್ತವೆ. ನಾಲ್ಕೈದು ಜನ ಸೇರಿ ಓದುವುದಾದರೆ ಒಂದು ಅಧ್ಯಾಯಕ್ಕೆ ಎರಡೆರಡು ಗಂಟೆಯ ಮೂರು ಕೂಟ ಇಟ್ಟುಕೊಳ್ಳಿ. ನಂಬುವವರೂ ನಂಬದವರೂ ಇರುವ ಕೂಟವೇ ಒಳ್ಳೆಯದು. ಎಲ್ಲರೂ ಒಂದೇ ಕಡೆಯವರಾದರೆ ತಪ್ಪು ಹಿಡಿಯುವವರು ಇರುವುದಿಲ್ಲ.

ನೋಟ್‌ಬುಕ್ಕಿನ ಮೊದಲ ಎರಡು ಪುಟ ಹೆಸರುಗಳಿಗೆ ಮೀಸಲಿಡಿ. ಕನ್ನಡ ಓದುಗರು ಮೊದಲು ಎಡವುವುದು ಇಲ್ಲಿಯೇ. ಸತ್ಯವೇದದ "ಕೋರೆಷ" ಇತಿಹಾಸದ ಪುಸ್ತಕದಲ್ಲಿ ಸೈರಸ್. "ಅಹಷ್ವೇರೋಷ" ಎಂದರೆ ಜೆರ್ಕ್ಸಿಸ್. "ಅಶ್ಶೂರ" ಎಂದರೆ ಅಸ್ಸೀರಿಯ. "ಐಗುಪ್ತ" ಎಂದರೆ ಈಜಿಪ್ಟ್. ಈ ಜೋಡಿಗಳನ್ನು ಬರೆದುಕೊಳ್ಳದೆ ಹುಡುಕಿದವರು "ಕೋರೆಷನ ಹೆಸರು ಯಾವ ಇತಿಹಾಸದಲ್ಲೂ ಇಲ್ಲ" ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ.

ವಚನವನ್ನು ಬಿಡಿಸುವುದು

ಆರಿಸಿದ ವಚನದಲ್ಲಿ ಸ್ಥಳ, ವ್ಯಕ್ತಿ, ಘಟನೆ, ಅರ್ಥ ಈ ನಾಲ್ಕನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ದುರ್ಗದ ಕೋಟೆ ಹತ್ತಿದವರಿಗೆ ಇದು ಸುಲಭ. ಒನಕೆ ಕಿಂಡಿ ಕಣ್ಣಿಗೆ ಕಾಣುತ್ತದೆ; ಹೈದರಾಲಿ 1779ರಲ್ಲಿ ಕೋಟೆ ಹಿಡಿದದ್ದು ದಾಖಲೆಯಲ್ಲಿದೆ; ಓಬವ್ವನ ಸಾಹಸ ಜನರ ಬಾಯಿಂದ ಬಾಯಿಗೆ ಬಂದ ನೆನಪು. ಕಿಂಡಿ ಇದೆ ಎಂಬುದು ಒನಕೆಯ ಪೆಟ್ಟಿಗೆ ಪುರಾವೆಯಾಗದು, ದಾಖಲೆ ಇಲ್ಲ ಎಂಬುದು ಆಕೆ ಇರಲಿಲ್ಲ ಎನ್ನಲೂ ಸಾಲದು. ಬೈಬಲ್‌ನ ವಚನವನ್ನೂ ಇಷ್ಟೇ ಮರ್ಯಾದೆಯಿಂದ, ಇಷ್ಟೇ ಕಟ್ಟುನಿಟ್ಟಾಗಿ ನೋಡಿ.

ಆಮೇಲೆ ಮೂರು ಕಾಲಗಳನ್ನು ಪಕ್ಕಪಕ್ಕ ಬರೆಯಿರಿ: ಘಟನೆ ನಡೆದದ್ದು ಯಾವಾಗ, ಅದನ್ನು ಬರೆದದ್ದು ಯಾವಾಗ, ಈಗ ನಮ್ಮ ಕೈಯಲ್ಲಿರುವ ಹಳೆಯ ಪ್ರತಿ ಯಾವ ಕಾಲದ್ದು. ಮೂರನೆಯದರ ಬಗ್ಗೆ ಗೊಂದಲ ಜಾಸ್ತಿ. ಹೀಬ್ರೂ ಬೈಬಲ್‌ನ ಪೂರ್ತಿಯಾಗಿ ಉಳಿದಿರುವ ಅತಿ ಹಳೆಯ ಹಸ್ತಪ್ರತಿ ಸುಮಾರು ಕ್ರಿ.ಶ. 1008ರದ್ದು. 1947ರಿಂದ ಕುಮ್ರಾನ್ ಗವಿಗಳಲ್ಲಿ ಮೃತ ಸಮುದ್ರದ ಸುರುಳಿಗಳು ಸಿಕ್ಕವು. ಅವುಗಳಲ್ಲಿ ಒಂದಾದ ಯೆಶಾಯನ ದೊಡ್ಡ ಸುರುಳಿ (ಉದ್ದ 7.34 ಮೀಟರ್) ಆ ಹಸ್ತಪ್ರತಿಗಿಂತ ಸಾವಿರ ವರ್ಷಕ್ಕೂ ಹಳೆಯದು. ಎರಡನ್ನೂ ಹೋಲಿಸಿದರೆ ಕಾಗುಣಿತದ ಮತ್ತು ಚಿಕ್ಕಪುಟ್ಟ ಪದಗಳ ವ್ಯತ್ಯಾಸ ಬಹಳ ಇದ್ದರೂ ಪುಸ್ತಕ ಅದೇ. ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸುವವರು ಅರ್ಧ ಸತ್ಯ ಹೇಳುತ್ತಾರೆ. ಅದೇ ಗವಿಗಳಲ್ಲಿ ಯೆರೆಮೀಯನ ಪುಸ್ತಕದ ಇನ್ನೊಂದು ಪಾಠವೂ (ಬರಹದ ಬೇರೆ ರೂಪ) ಸಿಕ್ಕಿತು. ಅದು ಹಳೆಯ ಗ್ರೀಕ್ ಭಾಷಾಂತರಕ್ಕೆ ಹೊಂದುತ್ತದೆ. ಆ ಗ್ರೀಕ್ ಯೆರೆಮೀಯ ನಾವು ಓದುವುದಕ್ಕಿಂತ ಸುಮಾರು ಎಂಟನೇ ಒಂದು ಭಾಗ ಚಿಕ್ಕದು. ಹೊಸ ಒಡಂಬಡಿಕೆಯಲ್ಲೂ ಹಾಗೆಯೇ: ಮಾರ್ಕ 16:9-20 ನಾಲ್ಕನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ ಇಲ್ಲ. ನಿಮ್ಮ ವಚನಕ್ಕೆ ಅಡಿಟಿಪ್ಪಣಿ ಇದೆಯೇ ಎಂದು ಮೊದಲು ನೋಡಿ. ಪಾಠವೇ ಅನುಮಾನದಲ್ಲಿರುವಾಗ ಮೇಲೆ ಕಟ್ಟಿದ ವಾದ ನಿಲ್ಲದು. ಪ್ರತಿ ನಿಷ್ಠೆಯಿಂದ ನಕಲಾಗಿದೆ ಎಂಬುದಕ್ಕೂ ಅದರಲ್ಲಿ ಬರೆದದ್ದು ನಡೆದಿದೆ ಎಂಬುದಕ್ಕೂ ನೇರ ಸಂಬಂಧವಿಲ್ಲ. ಇವೆರಡನ್ನೂ ಬೇರೆ ಪುಟದಲ್ಲಿ ಬರೆಯಿರಿ.

ಹೊರಗಿನ ಸಾಕ್ಷಿಯನ್ನು ತೂಗುವುದು

ಸಾಕ್ಷಿಯ ತೂಕ ಮೂರು ಪ್ರಶ್ನೆಗಳಿಂದ ತಿಳಿಯುತ್ತದೆ. ಅದು ಘಟನೆಯ ಕಾಲದ್ದೇ? ಯಾವ ಪದರದಲ್ಲಿ, ಯಾರ ಎದುರಿಗೆ ಸಿಕ್ಕಿತು ಎಂಬ ದಾಖಲೆ ಇದೆಯೇ? ಬೈಬಲ್ ಬರೆದವರ ಪರವಾಗಿ ಮಾತಾಡಬೇಕಾದ ಗರಜು ಇಲ್ಲದವರು ಅದನ್ನು ಬರೆದದ್ದೇ? 1993ರಲ್ಲಿ ಉತ್ತರ ಇಸ್ರೇಲಿನ ತೆಲ್ ದಾನ್‌ನಲ್ಲಿ ಸಿಕ್ಕ ಕ್ರಿ.ಪೂ. 9ನೇ ಶತಮಾನದ ಕಲ್ಲು ಮೂರಕ್ಕೂ ಹೌದೆನ್ನುತ್ತದೆ. ವೈರಿ ಅರಸನೊಬ್ಬ ತನ್ನ ಗೆಲುವು ಕೊಚ್ಚಿಕೊಳ್ಳುತ್ತ "ದಾವೀದನ ಮನೆತನ" ಎಂದು ಕೆತ್ತಿಸಿದ್ದಾನೆ. ದಾವೀದ ಒಂದು ರಾಜವಂಶದ ಮೂಲಪುರುಷ ಎಂಬುದಕ್ಕೆ ಇದು ಗಟ್ಟಿ ಆಧಾರ. ದಾವೀದ ದೈತ್ಯ ಗೊಲ್ಯಾತನನ್ನು ಕೊಂದ ಕಥೆಗೆ ಆಧಾರವಲ್ಲ.

ಬ್ರಹ್ಮಗಿರಿಯ ಶಾಸನವೂ ಇದೇ ಪಾಠ ಕಲಿಸುತ್ತದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅದನ್ನು ಗುರುತಿಸಿದಾಗ ಅಲ್ಲಿದ್ದದ್ದು "ದೇವಾನಾಂಪಿಯ" ಎಂಬ ಬಿರುದು ಮಾತ್ರ. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರಿದ್ದ ಶಾಸನ ಸಿಕ್ಕಮೇಲೆ ಆ ದೇವಾನಾಂಪಿಯ ಯಾರೆಂಬುದು ಗಟ್ಟಿಯಾಯಿತು. ಆದರೂ ಅಶೋಕ 84,000 ಸ್ತೂಪ ಕಟ್ಟಿಸಿದನೆಂಬ ಐತಿಹ್ಯವನ್ನು ಬ್ರಹ್ಮಗಿರಿಯ ಬಂಡೆ ಹೊರುವುದಿಲ್ಲ.

ಮಾಡಿ ನೋಡಲು ಒಂದು ಭಾಗ: 2 ಅರಸುಗಳು 18-20

ಮೊದಲ ಪ್ರಯತ್ನಕ್ಕೆ ಇದಕ್ಕಿಂತ ಒಳ್ಳೆಯ ಭಾಗ ಇಲ್ಲ. ಎರಡೂ ಕಡೆಯವರು ಬರೆದಿದ್ದಾರೆ, ಮಣ್ಣೂ ಮಾತಾಡಿದೆ. ಅಶ್ಶೂರದ ಅರಸ ಸನ್ಹೇರೀಬ ಯೆಹೂದ ರಾಜ್ಯದ ಮೇಲೆ ದಂಡೆತ್ತಿ ಬಂದ ಕಥೆ ಅದು, ವರ್ಷ ಕ್ರಿ.ಪೂ. 701.

ಎಡಗಡೆ ಬೈಬಲ್, ಬಲಗಡೆ ಸನ್ಹೇರೀಬ ತನ್ನ ಗೆಲುವುಗಳನ್ನು ಬರೆಸಿದ ಮಣ್ಣಿನ ಪಟ್ಟಕದ ಬರಹ ಇಟ್ಟು ಸಾಲು ಸಾಲಾಗಿ ಹೊಂದಿಸಿ. ಯೆಹೂದದ ಕೋಟೆ ಊರುಗಳು ಬಿದ್ದವು ಎಂದು ಬೈಬಲ್ ಹೇಳುತ್ತದೆ. ಪಟ್ಟಕ 46 ಊರು ಎಂದು ಲೆಕ್ಕವನ್ನೇ ಕೊಡುತ್ತದೆ. ಕಪ್ಪದ ಚಿನ್ನ ಎರಡರಲ್ಲೂ 30 ತಲಾಂತು (ಹಳೆಯ ಕಾಲದ ತೂಕ). ಬೆಳ್ಳಿ ಮಾತ್ರ ಬೇರೆ: ಬೈಬಲ್‌ನಲ್ಲಿ 300, ಪಟ್ಟಕದಲ್ಲಿ 800. ಯೆಹೂದದ ಕೋಟೆ ಊರು ಲಾಕೀಷ್‌ಗೆ ಹಾಕಿದ ಮುತ್ತಿಗೆಯನ್ನು ಸನ್ಹೇರೀಬ ತನ್ನ ರಾಜಧಾನಿ ನಿನೆವೆಯ ಅರಮನೆಯ ಗೋಡೆಯಲ್ಲಿ ಕೆತ್ತಿಸಿದ. ಲಾಕೀಷ್‌ನಲ್ಲಿ ಅಗೆದಾಗ ಮುತ್ತಿಗೆಗೆ ಕಟ್ಟಿದ ಏರಿಯೂ ಸಿಕ್ಕಿತು. ಇನ್ನು ಯೆರೂಸಲೇಮ್: ಯೆಹೂದದ ಅರಸ ಹಿಜ್ಕೀಯನನ್ನು "ಪಂಜರದ ಹಕ್ಕಿಯಂತೆ" ಕೂಡಿಹಾಕಿದೆ ಎನ್ನುತ್ತಾನೆ ಸನ್ಹೇರೀಬ, ಊರನ್ನು ಹಿಡಿದೆ ಎನ್ನುವುದಿಲ್ಲ. ಅಷ್ಟು ಜಂಬದ ಅರಸ ಹಿಡಿದಿದ್ದರೆ ಬರೆಸದೆ ಬಿಡುತ್ತಿರಲಿಲ್ಲ. ಊರು ಉಳಿಯಿತು ಎಂಬ ಬೈಬಲ್‌ನ ಮಾತಿಗೆ ಇದು ಬಲ ಕೊಡುತ್ತದೆ. ಯಾಕೆ ಉಳಿಯಿತು ಎಂಬುದಕ್ಕೆ ಬೈಬಲ್ ಕೊಡುವ ಉತ್ತರ ದೇವದೂತ ಒಂದೇ ರಾತ್ರಿ ಅಶ್ಶೂರದ ಪಾಳೆಯದ 1,85,000 ಜನರನ್ನು ಕೊಂದದ್ದು. ಅದಕ್ಕೆ ಪಟ್ಟಕದಲ್ಲೂ ಮಣ್ಣಿನಲ್ಲೂ ಏನೂ ಇಲ್ಲ. ಇಲ್ಲಿ "ಮೌನ" ಎಂದು ಬರೆಯಿರಿ. "ಸಾಬೀತಾಯಿತು" ಎಂದೂ ಬೇಡ, "ಸುಳ್ಳು" ಎಂದೂ ಬೇಡ.

ಈಗ 20:20ರ ನೀರಿನ ಕಾಲುವೆ. ಯೆರೂಸಲೇಮಿನ ಬಂಡೆಯೊಳಗೆ 533 ಮೀಟರ್ ಉದ್ದದ ಸುರಂಗವಿದೆ. ಎರಡೂ ತುದಿಯಿಂದ ಕೊರೆಯುತ್ತ ಬಂದ ಕೆಲಸಗಾರರು ನಡುವೆ ಕೂಡಿಕೊಂಡದ್ದನ್ನು ಹೇಳುವ ಹೀಬ್ರೂ ಶಾಸನ 1880ರಲ್ಲಿ ಸಿಕ್ಕಿತು. ಅದರಲ್ಲಿ 1,200 ಮೊಳ ಎಂದಿದೆ. ಭಾಗಿಸಿ ನೋಡಿ: ಮೊಳಕ್ಕೆ 44 ಸೆಂಟಿಮೀಟರ್ ಚಿಲ್ಲರೆ. ನಿಮ್ಮ ಮೊಣಕೈಯಿಂದ ಬೆರಳ ತುದಿಗೆ ಟೇಪು ಹಿಡಿದರೆ ಸುಮಾರು ಅಷ್ಟೇ ಬರುತ್ತದೆ. ಶಾಸನದಲ್ಲಿ ಅರಸನ ಹೆಸರಿಲ್ಲ ಎಂಬುದನ್ನು ಮರೆಯದೆ ಗುರುತು ಮಾಡಿ. ಹಿಜ್ಕೀಯನ ಕಾಲ ಎನ್ನಲು ಅಕ್ಷರದ ಶೈಲಿ ಒಂದು ಆಧಾರ. ಗಾರೆಯಲ್ಲಿ ಸಿಕ್ಕ ಗಿಡದ ಚೂರುಗಳ ಕಾರ್ಬನ್ ಪರೀಕ್ಷೆ ಇನ್ನೊಂದು. 2003ರಲ್ಲಿ ಪ್ರಕಟವಾದ ಆ ಪರೀಕ್ಷೆ ಸುಮಾರು ಕ್ರಿ.ಪೂ. 700ಕ್ಕೆ ಬಂದು ನಿಂತಿತು. ವಿಜ್ಞಾನ ಬೈಬಲ್‌ನ ಒಂದು ಸಾಲನ್ನು ನೇರವಾಗಿ ಮುಟ್ಟಿ ಹೊಂದುತ್ತದೆ ಎನ್ನಲು ಒಳ್ಳೆಯ ಉದಾಹರಣೆ ಇದು.

ಇಷ್ಟಕ್ಕೇ ಖುಷಿಪಟ್ಟು ಪುಸ್ತಕ ಮುಚ್ಚಬೇಡಿ. 18:10ರಲ್ಲಿ ಉತ್ತರದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯ ಬಿದ್ದದ್ದು ಹಿಜ್ಕೀಯನ ಆರನೇ ವರ್ಷ. ಸಮಾರ್ಯ ಬಿದ್ದದ್ದು ಸುಮಾರು ಕ್ರಿ.ಪೂ. 722. ಹಾಗಾದರೆ ಹದಿನಾಲ್ಕನೇ ವರ್ಷ 714. ಆದರೆ 18:13 ಹದಿನಾಲ್ಕನೇ ವರ್ಷದಲ್ಲಿ ಸನ್ಹೇರೀಬ ಬಂದ ಎನ್ನುತ್ತದೆ, ಅವನು ಬಂದದ್ದು 701. ಹದಿಮೂರು ವರ್ಷದ ಅಂತರ, ಅದೂ ಒಂದೇ ಅಧ್ಯಾಯದಲ್ಲಿ. ವಿದ್ವಾಂಸರು ಹಲವು ಪರಿಹಾರ ಕೊಟ್ಟಿದ್ದಾರೆ, ಒಮ್ಮತವಿಲ್ಲ. ಹಾಗೆಯೇ 19:36-37 ಓದಿದರೆ ಸನ್ಹೇರೀಬ ಊರಿಗೆ ಮರಳಿದ ಕೂಡಲೇ ಮಕ್ಕಳ ಕೈಯಲ್ಲಿ ಸತ್ತಂತೆ ತೋರುತ್ತದೆ. ಸತ್ತದ್ದು ಇಪ್ಪತ್ತು ವರ್ಷದ ನಂತರ, 681ರಲ್ಲಿ. ಮಗನ ಕೈಯಲ್ಲೇ ಸತ್ತದ್ದು ಹೌದೆಂದು ಬಾಬಿಲೋನಿನ ವೃತ್ತಾಂತವೂ ಹೇಳುತ್ತದೆ.

ಹೊಂದದ ಕಡೆ

ಯೆಹೋಶುವನ ದಂಡಿನ ಎದುರು ಬಿತ್ತೆಂದು ಬೈಬಲ್ ಹೇಳುವ ಯೆರಿಕೋವಿನ ಗೋಡೆಯ ಬಗ್ಗೆ ಓದುವಾಗ ಪುಸ್ತಕ ಅಚ್ಚಾದ ವರ್ಷ ನೋಡಿ. 1930ರ ದಶಕದಲ್ಲಿ ಅಗೆದ ಗಾರ್ಸ್ಟಾಂಗ್, ಬಿದ್ದ ಗೋಡೆ ಯೆಹೋಶುವನ ಕಾಲದ್ದು ಎಂದಿದ್ದರು. 1952ರಿಂದ 58ರವರೆಗೆ ಕ್ಯಾಥ್ಲೀನ್ ಕೆನ್ಯನ್ ಪದರ ಪದರವಾಗಿ ಬಿಡಿಸಿದಾಗ ಆ ಗೋಡೆ ಅದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದೆಂದು ತಿಳಿಯಿತು. ಹಲವರು ಯೆಹೋಶುವನ ಕಾಲವೆನ್ನುವ ಕ್ರಿ.ಪೂ. 13ನೇ ಶತಮಾನದಲ್ಲಿ ಅಲ್ಲಿ ಗೋಡೆಯುಳ್ಳ ಊರಿನ ಗುರುತು ಸಿಗಲಿಲ್ಲ. ಹಳೆಯ ತೀರ್ಮಾನವೇ ಇಂದಿಗೂ ಕರಪತ್ರಗಳಲ್ಲಿ ಮರುಮುದ್ರಣವಾಗುತ್ತಿದೆ. ವಿಮೋಚನಕಾಂಡ 12:37ರಲ್ಲಿ ಐಗುಪ್ತದಿಂದ ಹೊರಟ ಆರು ಲಕ್ಷ ಗಂಡಸರ ಪ್ರಯಾಣಕ್ಕೂ ಸಿನಾಯ್ ಮರಳಿನಲ್ಲಿ ಕುರುಹು ಸಿಕ್ಕಿಲ್ಲ.

ಭಾಷಾಂತರ ಮುಚ್ಚಿಟ್ಟ ಹೊಂದಿಕೆಯೂ ಉಂಟು. ಅಪೊಸ್ತಲರ ಕೃತ್ಯಗಳು 17:6ರಲ್ಲಿ ಕನ್ನಡದಲ್ಲಿ ಊರಿನ ಅಧಿಕಾರಿಗಳು ಎಂದಷ್ಟೇ ಬರುವ ಕಡೆ ಗ್ರೀಕ್‌ನಲ್ಲಿ "ಪೊಲಿಟಾರ್ಕ್" ಎಂಬ ಅಪರೂಪದ ಹುದ್ದೆಯ ಹೆಸರಿದೆ. ಆ ವಚನದ ಘಟನೆ ನಡೆದ ಥೆಸಲೊನೀಕದ ಶಾಸನಗಳಲ್ಲೂ ಅದೇ ಹುದ್ದೆ ಸಿಕ್ಕಿತು. ಸ್ಥಳೀಯ ಆಡಳಿತ ಗೊತ್ತಿದ್ದವರ ಮಾಹಿತಿ ಅದು.

ವಿಜ್ಞಾನವನ್ನು ಎಲ್ಲಿ ಕೇಳಬೇಕು

ಕಾರ್ಬನ್ ಪರೀಕ್ಷೆ ಒಮ್ಮೆ ಜೀವವಿದ್ದ ವಸ್ತುವಿಗೆ ಮಾತ್ರ: ಕಟ್ಟಿಗೆ, ಬೀಜ, ಎಲುಬು, ಚರ್ಮ. ಅದು ಅಳೆಯುವ ಕಾರ್ಬನ್-14 ಅರ್ಧಕ್ಕೆ ಇಳಿಯುವ ಕಾಲ, ಅಂದರೆ ಅರ್ಧಾಯುಷ್ಯ, 5,730 ವರ್ಷ. ಸುಮಾರು 50,000 ವರ್ಷಕ್ಕಿಂತ ಹಿಂದಕ್ಕೆ ಈ ಪರೀಕ್ಷೆ ಹೋಗದು. ಬಂಡೆಯ ವಯಸ್ಸಿಗೆ ಯುರೇನಿಯಂ-ಸೀಸದಂಥ ಬೇರೆ ಗಡಿಯಾರ ಬೇಕು. "ಕಾರ್ಬನ್ ಡೇಟಿಂಗ್‌ನಿಂದ ಬಂಡೆಯ ವಯಸ್ಸು ತಪ್ಪು ಬಂತು" ಎಂದು ಯಾರಾದರೂ ಹೇಳಿದರೆ ಉಪಕರಣವೇ ತಪ್ಪು ಎಂದು ತಿಳಿಯಿರಿ.

ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟಂಥ ಲಾವಾ ಶಿಲೆಗಳಿವೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾ ನೀರಿನೊಳಗೆ ಉಕ್ಕಿ ಹೊರಮೈ ತಟ್ಟನೆ ತಣಿದಾಗ ಮಾತ್ರ ಈ ಆಕಾರ ಬರುತ್ತದೆ. ನೀರು ಎಂದ ತಕ್ಷಣ ನೋಹನ ಜಲಪ್ರಳಯಕ್ಕೆ ಗಂಟು ಹಾಕಬೇಡಿ. ಆ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯದು, ಮನುಷ್ಯನೂ ಇಲ್ಲ, ಮೀನೂ ಇಲ್ಲದ ಕಾಲದ್ದು. ಕ್ರಿ.ಪೂ. 4004ರಲ್ಲಿ ಸೃಷ್ಟಿ ಎಂಬ ಲೆಕ್ಕ ಬೈಬಲ್‌ನಲ್ಲಿ ಬರೆದದ್ದಲ್ಲ, 17ನೇ ಶತಮಾನದ ಬಿಷಪ್ ಅಷರ್ ವಂಶಾವಳಿಗಳನ್ನು ಕೂಡಿಸಿ ತೆಗೆದದ್ದು; ಭೂಮಿಯ 454 ಕೋಟಿ ವರ್ಷದ ಎದುರು ಅದು ನಿಲ್ಲುವುದಿಲ್ಲ. ಯೋಬ 26:7ರಲ್ಲಿ ಭೂಮಿ ಶೂನ್ಯದಲ್ಲಿ ತೂಗುತ್ತದೆ ಎಂದಿರುವುದನ್ನು ವಿಜ್ಞಾನ ಎನ್ನುವವರು 9:6ರ ಭೂಮಿಯ ಕಂಬಗಳನ್ನೂ ಓದಬೇಕು. ಎರಡೂ ಕಾವ್ಯ. ಕಾವ್ಯವಾಗಿಯೇ ಅವು ದೊಡ್ಡವು.

ಫೋನಿಗೆ ಬರುವ ಪುರಾವೆಗಳು

ಕೆಂಪು ಸಮುದ್ರದ ತಳದ ರಥದ ಗಾಲಿಗಳು, ನಾಸಾ ಕಂಪ್ಯೂಟರ್ ಕಂಡುಹಿಡಿದ "ಕಳೆದುಹೋದ ದಿನ", ಬೈಬಲ್‌ನ ದೈತ್ಯರ ಎಲುಬು: ಮೂರಕ್ಕೂ ಆಧಾರವಿಲ್ಲ. ದೈತ್ಯನ ಅಸ್ಥಿಪಂಜರದ ಫೋಟೊ ಕಂಪ್ಯೂಟರಿನಲ್ಲಿ ಜೋಡಿಸಿದ್ದು. ಅದೇ ಚಿತ್ರ ನಮ್ಮಲ್ಲಿ ಘಟೋತ್ಕಚನದೆಂದೂ ಓಡಾಡಿತು. ಬಂದ ಸುದ್ದಿಯಲ್ಲಿ ಅಗೆದವರ ಹೆಸರು, ಜಾಗ, ವರ್ಷ, ವಸ್ತು ಈಗಿರುವ ಮ್ಯೂಸಿಯಂ ಈ ನಾಲ್ಕರಲ್ಲಿ ಎರಡು ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಮ್ಯೂಸಿಯಂ ಕೂಡ ಮೋಸಹೋಗುತ್ತದೆ. ವಾಷಿಂಗ್ಟನ್‌ನ ಬೈಬಲ್ ಮ್ಯೂಸಿಯಂ ಕೊಂಡಿದ್ದ 16 ಮೃತ ಸಮುದ್ರ ಸುರುಳಿಯ ತುಂಡುಗಳು ಅಷ್ಟೂ ನಕಲಿ ಎಂದು 2020ರಲ್ಲಿ ಅದರದೇ ಪರೀಕ್ಷೆ ತಿಳಿಸಿತು: ಹಳೆಯ ಚರ್ಮದ ಮೇಲೆ ಹೊಸ ಶಾಯಿ. ಅವು ಬಂದದ್ದು ಮಾರುಕಟ್ಟೆಯಿಂದ, ಅಗೆದ ಗುಂಡಿಯಿಂದಲ್ಲ.

ಎರಡನೇ ಅಭ್ಯಾಸಕ್ಕೆ ಲೂಕ 2:2 ತೆಗೆದುಕೊಳ್ಳಿ. ಲೂಕನ ಪ್ರಕಾರ ಯೇಸು ಹುಟ್ಟಿದ್ದು ಕುರೇನ್ಯನ (ಕ್ವಿರಿನಿಯಸ್) ಜನಗಣತಿಯ ಸಮಯದಲ್ಲಿ. ಅವನು ಸಿರಿಯಕ್ಕೆ ಅಧಿಪತಿಯಾಗಿದ್ದಾಗಿನ ಜನಗಣತಿ ಕ್ರಿ.ಶ. 6ರದ್ದು ಎಂದು ಯೆಹೂದಿ ಇತಿಹಾಸಕಾರ ಜೋಸೆಫಸ್‌ನಿಂದ ತಿಳಿಯುತ್ತದೆ. ಮತ್ತಾಯನ ಪ್ರಕಾರ ಯೇಸು ಹುಟ್ಟಿದಾಗ ಯೆಹೂದದ ಅರಸ ಹೆರೋದ ಬದುಕಿದ್ದ. ಹೆರೋದ ಸತ್ತದ್ದು ಸಾಮಾನ್ಯ ಲೆಕ್ಕದಲ್ಲಿ ಕ್ರಿ.ಪೂ. 4. ಮೂರು ಕಾಲಗಳ ಪಟ್ಟಿ ಮೊದಲು ಬರೆಯಿರಿ, ಪರಿಹಾರ ಕೊಡುವ ಪುಸ್ತಕಗಳನ್ನು ಆಮೇಲೆ ತೆರೆಯಿರಿ. ಆ ಪುಟದ ಕೆಳಗೆ ಐದಾರು ಸಾಲು ಖಾಲಿ ಬಿಡಿ.