ಇಂಗ್ಲೆಂಡಿನ ಶಾಲೆಯಲ್ಲಿ ಅರ್ಧ ದಿನಕ್ಕೂ ಲೆಕ್ಕ ಇದೆ

ಬೆಳಗ್ಗೆ ಒಂಬತ್ತೂವರೆಗೆ ಶಾಲೆಯಿಂದ ಫೋನ್ ಬಂತು. "ನಿಮ್ಮ ಮಗ ಇವತ್ತು ಬಂದಿಲ್ಲ, ಎಲ್ಲಿದ್ದಾನೆ?" ಅವನು ಜ್ವರದಲ್ಲಿ ನನ್ನ ಪಕ್ಕದಲ್ಲೇ ಮಲಗಿದ್ದ. ಶಾಲೆಗೆ ತಿಳಿಸುವುದು ಮರೆತಿತ್ತು, ಅಷ್ಟೇ. ಇಲ್ಲಿಗೆ ಬಂದ ಮೊದಲ ವರ್ಷ ಅದು. ಬೈಯೋಕೆ ಫೋನ್ ಮಾಡಿದ್ದಾರೆ ಅಂದುಕೊಂಡು ಎದೆ ಧಸಕ್ ಎಂದಿತ್ತು. ಆಮೇಲೆ ಅರ್ಥವಾಯಿತು: ಮನೆಯಿಂದ ಹೊರಟ ಮಗು ಶಾಲೆ ಮುಟ್ಟಿದೆಯೋ ಇಲ್ಲವೋ ಎಂಬುದು ಅವರ ಚಿಂತೆ. ಹಾಗಾಗಿ ಹುಷಾರಿಲ್ಲದಿದ್ದರೆ ಬೆಳಗ್ಗೆಯೇ ಫೋನ್ ಮಾಡಿ, ಇಲ್ಲವೇ ಶಾಲೆಯ ಆ್ಯಪ್‌ನಲ್ಲಿ ಹಾಕಿ.

ಇಲ್ಲಿ ಹಾಜರಿ ದಿನಕ್ಕೆ ಎರಡು ಸಲ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಪ್ರತಿ ಅರ್ಧ ದಿನಕ್ಕೂ 'ಸೆಷನ್' ಅಂತಾರೆ. ಮಕ್ಕಳಿಗೆ ವರ್ಷಕ್ಕೆ 190 ದಿನ ಶಾಲೆ, ಅಂದರೆ 380 ಸೆಷನ್. ಅದರಲ್ಲಿ ನೂರಕ್ಕೆ ಹತ್ತು ತಪ್ಪಿದರೆ, ಕಾರಣ ಏನೇ ಇರಲಿ, ಮಗುವನ್ನು 'ಪರ್ಸಿಸ್ಟೆಂಟ್ಲಿ ಆಬ್ಸೆಂಟ್', ಅಂದರೆ ಪದೇ ಪದೇ ಗೈರಾಗುವ ಮಗು ಎಂದು ಗುರುತಿಸುತ್ತಾರೆ. ಶೇಕಡಾ 90 ಹಾಜರಿ ಅಂದರೆ ನಮ್ಮ ಕಿವಿಗೆ ಒಳ್ಳೆ ಮಾರ್ಕ್ಸ್ ಥರ ಕೇಳಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ: 19 ದಿನ, ಹತ್ತಿರ ಹತ್ತಿರ ನಾಲ್ಕು ವಾರದ ಪಾಠ ಹೋಯಿತು.

ತಡವಾಗಿ ಹೋಗುವುದೂ ಲೆಕ್ಕಕ್ಕೆ ಬರುತ್ತದೆ. ರಿಜಿಸ್ಟರ್ ಅರ್ಧ ಗಂಟೆಗಿಂತ ಜಾಸ್ತಿ ತೆರೆದಿರುವುದಿಲ್ಲ. ಅದು ಮುಚ್ಚಿದ ಮೇಲೆ ಸರಿಯಾದ ಕಾರಣವಿಲ್ಲದೆ ಹೋದರೆ ಮಗು ತರಗತಿಯಲ್ಲಿ ಕೂತಿದ್ದರೂ ಆ ಸೆಷನ್ ಅನುಮತಿ ಇಲ್ಲದ ಗೈರು.

ಇನ್ನು ದಂಡ. ನಮ್ಮವರು ಸಿಕ್ಕಿಬೀಳುವುದು ಜಾಸ್ತಿ ಇಲ್ಲೇ. ಟರ್ಮ್ ಮಧ್ಯೆ ವಿಮಾನದ ಟಿಕೆಟ್ ಅಗ್ಗ ಎಂದು ಊರಿಗೆ ಹೊರಟುಬಿಡುತ್ತೇವೆ. ಅಗ್ಗದ ಟಿಕೆಟ್ ವಿಶೇಷ ಕಾರಣವಲ್ಲ. ರಜೆ ಕೊಡುವ ಅಧಿಕಾರ ಹೆಡ್ ಟೀಚರ್‌ದು, ಅದೂ ಅಪರೂಪಕ್ಕೆ. ಹತ್ತು ಶಾಲಾ ವಾರಗಳೊಳಗೆ ಅನುಮತಿ ಇಲ್ಲದೆ 10 ಸೆಷನ್, ಅಂದರೆ ಐದು ದಿನ ತಪ್ಪಿದರೆ ದಂಡ ಹಾಕಬೇಕೇ ಎಂದು ನೋಡುತ್ತಾರೆ. 2024ರ ಆಗಸ್ಟ್‌ನಿಂದ ಅದು 21 ದಿನದೊಳಗೆ ಕಟ್ಟಿದರೆ 80 ಪೌಂಡ್, ಆಮೇಲೆ 28 ದಿನದೊಳಗೆ 160 ಪೌಂಡ್. ಈ ಮೊತ್ತ ಒಬ್ಬ ಪೋಷಕರಿಗೆ, ಒಂದು ಮಗುವಿಗೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳಾದರೆ ಬೇಗ ಕಟ್ಟಿದರೂ 320 ಪೌಂಡ್! ಮೂರು ವರ್ಷದೊಳಗೆ ಅದೇ ಮಗುವಿಗೆ ಎರಡನೇ ಸಲ ಬಂದರೆ ನೇರ 160. ಮೂರನೇ ಸಲಕ್ಕೆ ಹೀಗೆ ದಂಡ ಕಟ್ಟಿ ಮುಗಿಸುವ ಅವಕಾಶವಿಲ್ಲ, ವಿಷಯ ಕೋರ್ಟಿಗೂ ಹೋಗಬಹುದು. ಇದು ಇಂಗ್ಲೆಂಡಿನ ಮಾತು. ವೇಲ್ಸ್‌ನಲ್ಲಿ ಮೊತ್ತ ಬೇರೆ, ಸ್ಕಾಟ್ಲೆಂಡಿನಲ್ಲಿ ಇಂಥ ದಂಡವೇ ಇಲ್ಲ.

ದಯವಿಟ್ಟು ಹುಷಾರಿಲ್ಲ ಎಂದು ಸುಳ್ಳು ಹೇಳಿ ಹೋಗಬೇಡಿ. ವಾಪಸ್ ಬಂದ ದಿನ ಟೀಚರ್ ಸುಮ್ನೆ "ಈಗ ಹೇಗಿದ್ದೀಯಾ?" ಅಂತ ಕೇಳುತ್ತಾರೆ. ಆರು ವರ್ಷದ ಮಗು ಅಜ್ಜಿ ಮನೆಯ ಕರುವಿನ ಕಥೆ ಶುರು ಮಾಡುತ್ತದೆ, ಅರ್ಧದಲ್ಲಿ ಅಮ್ಮ ಹೇಳಿಕೊಟ್ಟದ್ದು ನೆನಪಾಗಿ ಬಾಯಿ ಮುಚ್ಚುತ್ತದೆ. ಆ ಭಾರ ಮಗುವಿನ ತಲೆಗೆ ಬೇಡ. ದೀಪಾವಳಿಯಂಥ ದಿನಕ್ಕೆ ಮೊದಲೇ ಬರೆದು ಕೇಳಿ. ಧಾರ್ಮಿಕ ದಿನಕ್ಕೆ ರಿಜಿಸ್ಟರಿನಲ್ಲಿ ಬೇರೆ ಕೋಡ್ ಇದೆ.

ದೊಡ್ಡ ಮಕ್ಕಳು ಚಕ್ಕರ್ ಹೊಡೆಯುವುದು ಬೇರೆಯೇ ವಿಷಯ. ಯೂನಿಫಾರ್ಮ್ ಹಾಕಿ ಹೊರಟ ಹುಡುಗ ಪಾರ್ಕಿನಲ್ಲಿ ಕೂತಿದ್ದ ಎಂದು ಗೊತ್ತಾದಾಗ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಾಲ್ಕು ಜನ ಏನಂತಾರೋ ಎಂಬ ನಾಚಿಕೆ. ಮುಚ್ಚಿಡಬೇಡಿ. ಅದರ ಹಿಂದೆ ಯಾರೋ ಗೋಳು ಹೊಯ್ದುಕೊಳ್ಳುತ್ತಿರಬಹುದು, ಭಾಷೆಯ ಹೆದರಿಕೆ ಇರಬಹುದು, ಬೆಳಗಾದರೆ ಹೊಟ್ಟೆ ಕಿವುಚುವಂಥ ಆತಂಕ ಇರಬಹುದು. ಪ್ರತಿ ಶಾಲೆಯಲ್ಲೂ ಹಾಜರಿ ನೋಡಿಕೊಳ್ಳುವ ಹಿರಿಯ ಸಿಬ್ಬಂದಿ ಒಬ್ಬರು ಇರಲೇಬೇಕು. ಅವರ ಹೆಸರು ಶಾಲೆಯ ವೆಬ್‌ಸೈಟಿನಲ್ಲಿರುತ್ತದೆ. ನೀವೇ ಮೊದಲು ಬರೆಯಿರಿ, ಭೇಟಿ ಕೇಳಿ. ಇಂಥ ಮಕ್ಕಳ ವಿಷಯದಲ್ಲಿ ಮೊದಲು ಸಹಾಯ, ಆಮೇಲೆ ದಂಡ ಎಂಬುದು ಸರ್ಕಾರದ್ದೇ ನಿಯಮ. ಇಂಗ್ಲಿಷ್ ತಡವರಿಸುತ್ತದೆ ಎಂದಾದರೆ ಪರಿಚಯದ ಕನ್ನಡದವರನ್ನು ಜೊತೆಗೆ ಕರೆದುಕೊಂಡು ಹೋಗಬಹುದೇ ಎಂದು ಕೇಳಿ.

ನಮ್ಮ ನಮ್ಮಲ್ಲೇ ಆಗುವ ಸಹಾಯ ಇದಕ್ಕಿಂತ ದೊಡ್ಡದು. ಕೆಲವು ಶಾಲೆಗಳಲ್ಲಿ 'ವಾಕಿಂಗ್ ಬಸ್' ಇದೆ: ಒಬ್ಬಿಬ್ಬರು ದೊಡ್ಡವರು ದಾರಿಯುದ್ದಕ್ಕೂ ಮನೆಮನೆಯ ಮಕ್ಕಳನ್ನು ಸೇರಿಸಿಕೊಂಡು ನಡೆಸಿಕೊಂಡು ಹೋಗುತ್ತಾರೆ. ನಮ್ಮ ಬೀದಿಯಲ್ಲಿ ನಾವು ಎರಡೇ ಮನೆಯವರು ಶುರು ಮಾಡಿದೆವು. ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡುವ ಒಬ್ಬ ತಾಯಿ ಮನೆ ಮುಟ್ಟುವಷ್ಟರಲ್ಲಿ ಎಂಟೂವರೆ ಆಗಿರುತ್ತಿತ್ತು. ಮಗಳಿಗೆ ವಾರಕ್ಕೆ ಎರಡು ದಿನವಾದರೂ ತಡ. ಈಗ ಎಂಟೂಕಾಲಿಗೆ ನಾನು ಬಾಗಿಲು ತಟ್ಟುತ್ತೇನೆ. ಮೊದಲ ವಾರ ಅವಳ ಅಪ್ಪ ಕೂಗಿ ಕೂಗಿ ಎಬ್ಬಿಸಬೇಕಿತ್ತು. ಈಗ ತಟ್ಟುವ ಮುಂಚೆಯೇ ಶೂ ಹಾಕಿಕೊಂಡು ಬಾಗಿಲ ಹಿಂದೆ ನಿಂತಿರುತ್ತಾಳೆ.